ಕಡ್ಡಿ ಗೀರುವ ಮುಂಚೆ



ಹಿಂದೆ ಕುಂತವರು ಮುಂದಕ್ಕೆ ಬರ್ರಿ. ಕೂಸು ಮಲಗಿಸಿಕೊಂಡವರು ಅಲ್ಲೇ ಇರ್ರಿ, ಏಳಬೇಡಿರಿ. ಈವತ್ತು ಹೊಸ ಪಾಠ ಇಲ್ಲ. ಪಾಟಿ, ಬಳಪ ಬೇಡ. ಈವತ್ತು ಬರೀ ಮಾತು. ಬೆಂಕಿಯ ಮಾತು.

ನಾವು ಹಗಲು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು. ಸಂಜೆ ನಿಮ್ಮ ಜೊತೆ ಕೂಡುವವರು. ಕಸದ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವರೇನಲ್ಲ. ಕಸ ಗುಡಿಸಿದವರು ನೀವು. ನಸುಕಿನಲ್ಲಿ ಏಳುತ್ತೀರಿ. ಅಂಗಳ ಗುಡಿಸುತ್ತೀರಿ. ಸಗಣಿ ನೀರು ಚಳೆ ಹೊಡೆಯುತ್ತೀರಿ. ರಂಗೋಲಿ ಹಾಕುತ್ತೀರಿ. ಗುಡಿಸಿದ ಕಸವನ್ನು ಗೋಡೆಯ ಮೂಲೆಗೆ ದೂಡುತ್ತೀರಿ. ಅದರಲ್ಲಿ ಏನೇನು ಇರುತ್ತದೆ? ಬೇವಿನ ಎಲೆ. ಶೇಂಗಾ ಸಿಪ್ಪೆ. ಗುಟ್ಕಾ ಚೀಟಿ. ಶಾಂಪೂ ಚೀಟಿ. ಹಾಲಿನ ಪಾಕೀಟು. ಹರಿದ ಚಪ್ಪಲಿ. ಆಮೇಲೆ ಒಂದು ಕಡ್ಡಿ ಗೀರಿ ಹಚ್ಚುತ್ತೀರಿ. ಕಸ ಹೋಯಿತು ಅನ್ನುತ್ತೀರಿ.

ಎಲ್ಲಿಗೆ ಹೋಯಿತ್ರಿ?

ಮೊದಲು ಒಬ್ಬ ಅಕ್ಕನ ಕಥೆ ಹೇಳುತ್ತೇವೆ. ಕಥೆ ಅಲ್ಲ, ನಡೆದದ್ದು. ಯಲಬುರ್ಗಾ ತಾಲ್ಲೂಕಿನ ಒಂದು ಊರು. ಊರಿನ ಹೆಸರು ಹೇಳುವುದಿಲ್ಲ. ಆ ಅಕ್ಕನಿಗೆ ಮಾತು ಕೊಟ್ಟಿದ್ದೇವೆ.

ಹೋದ ವರ್ಷದ ಬೇಸಿಗೆ. ಯುಗಾದಿ ಮುಗಿದು ಎಂಟು ದಿನ ಆಗಿತ್ತು. ಈ ಅಕ್ಕ ಎಂದಿನಂತೆ ಬೆಳಿಗ್ಗೆ ಕಸ ಗುಡಿಸಿ ಹಿತ್ತಲಿನಲ್ಲಿ ಹಚ್ಚಿದಳು. ರೊಟ್ಟಿ ಬಡಿಯಲು ಒಳಗೆ ಹೋದಳು. ನಮ್ಮ ಸೀಮೆಯ ಗಾಳಿ ನಿಮಗೆ ಗೊತ್ತೇ ಇದೆ. ಕುಷ್ಟಗಿ, ಯಲಬುರ್ಗಾದ ಎರೆ ಹೊಲದಲ್ಲಿ ಎಷ್ಟು ಗಾಳಿ ಯಂತ್ರ ನಿಲ್ಲಿಸಿದ್ದಾರೆ! ಗಾಳಿ ಇಲ್ಲದಿದ್ದರೆ ನಿಲ್ಲಿಸುತ್ತಿದ್ದರೇ? ಅಂಥ ಗಾಳಿ ಬೀಸಿತು. ಕಸದೊಳಗಿನ ಪ್ಲಾಸ್ಟಿಕ್ ಚೀಲ ಒಂದು ಉರಿಯುತ್ತಲೇ ಮೇಲೆ ಹಾರಿತು. ಹಾರಿ ಹೋಗಿ ಪಕ್ಕದವರ ಬಣವಿಯ ಮೇಲೆ ಬಿತ್ತು.

ಎಲೆಯ ಕಿಡಿ ಆಗಿದ್ದರೆ ಹಾರುವಾಗಲೇ ಆರಿ ಬೂದಿ ಆಗುತ್ತಿತ್ತೋ ಏನೋ. ಪ್ಲಾಸ್ಟಿಕ್ ಹಾಗಲ್ಲ. ಅದು ಕರಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡೇ ಉರಿಯುತ್ತದೆ. ಬಣವಿಯಲ್ಲಿ ಜೋಳದ ಕಣಿಕೆ ಇತ್ತು, ಶೇಂಗಾ ಹೊಟ್ಟು ಇತ್ತು. ವರ್ಷದ ಮೇವು. ಜನ ಕೊಡ ಹಿಡಿದು ಓಡಿದರು. ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ಬಣವಿ ಬೂದಿ ಆಗಿತ್ತು. ಪುಣ್ಯಕ್ಕೆ ದನಗಳನ್ನು ಬಿಚ್ಚಿ ಹೊಲಕ್ಕೆ ಹೊಡೆದಿದ್ದರು. ಮೇವಿಲ್ಲದೆ ಪಕ್ಕದವರು ಒಂದು ಜೋಡಿ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋದರು. ಬೇಸಿಗೆಯಲ್ಲಿ ಎತ್ತು ಮಾರಿದರೆ ಎಷ್ಟು ಬರುತ್ತದೆ, ನಿಮಗೇ ಗೊತ್ತು.

ಹಿರಿಯರು ಕೂಡಿದರು. ಪೊಲೀಸು, ಕೋರ್ಟು ಬೇಡ, ಊರಲ್ಲೇ ಮುಗಿಸೋಣ ಅಂದರು. ಒಂದು ಕಾಗದ ಬರೆದರು. ಆ ಅಕ್ಕ ಹನ್ನೆರಡು ಸಾವಿರ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡಬೇಕು. ಅಕ್ಕ ಅಳುತ್ತಾ ಹೆಬ್ಬೆಟ್ಟು ಒತ್ತಿದಳು.

"ಎವ್ವಾ, ನಂಗೇನು ಗೊತ್ತಿತ್ತು? ದಿನಾ ಹಚ್ಚತಿದ್ದೆ. ಒಂದಿನಾನೂ ಹಿಂಗ ಆಗಿದ್ದಿಲ್ಲ" ಅಂತ ನಮ್ಮ ಮುಂದೆ ಹೇಳಿದಳು.

ಆಮೇಲೆ ಅವಳು ಕಲಿಕಾ ಕೇಂದ್ರಕ್ಕೆ ಬರತೊಡಗಿದಳು. ಅಕ್ಷರ ಕೂಡಿಸುವುದು ಬಂತು. ಒಂದು ಸಂಜೆ ಸೆರಗಿನ ಗಂಟು ಬಿಚ್ಚಿ ಆ ಕಾಗದದ ನಕಲು ತೆಗೆದಳು. ಬೆರಳು ಇಟ್ಟು ಓದತೊಡಗಿದಳು. ತನ್ನ ಹೆಸರು ಓದಿದಳು. ಗಂಡನ ಹೆಸರು ಓದಿದಳು. ಮುಂದೆ ಒಂದು ಶಬ್ದಕ್ಕೆ ನಿಂತಳು. ಬೇ. ಕಂ. ತ. ಲೇ.

"ಬೇಕಂತಲೇ ಬೆಂಕಿ ಹಚ್ಚಿರುತ್ತೇನೆ" ಅಂತ ಬರೆದಿತ್ತು.

ಅಕ್ಕ ತಲೆ ಎತ್ತಿ ನಮ್ಮನ್ನು ನೋಡಿದಳು. "ನಾ ಬೇಕಂತ ಹಚ್ಚಿಲ್ಲರಿ. ಇದು ಸುಳ್ಳು ಐತಿ" ಅಂದಳು.

ಬರೆದವರು ದ್ವೇಷದಿಂದ ಬರೆದಿರಲಿಕ್ಕಿಲ್ಲ. ಬರೆಯುವಾಗ ಹಾಗೇ ಒಂದು ಶಬ್ದ ಬಿದ್ದಿರಬಹುದು. ಆದರೆ ಆ ಒಂದು ಶಬ್ದದ ತೂಕ ಎಷ್ಟು, ಕೇಳಿರಿ. 2024ರ ಜುಲೈ 1ರಿಂದ ನಮ್ಮ ದೇಶದಲ್ಲಿ ಭಾರತೀಯ ನ್ಯಾಯ ಸಂಹಿತೆ ಅಂತ ಹೊಸ ಕಾನೂನು ಜಾರಿಗೆ ಬಂದಿದೆ. ಅದರ 287ನೇ ಕಲಂ ಹೀಗೆ ಹೇಳುತ್ತದೆ: ಜನರ ಜೀವಕ್ಕೆ ಅಪಾಯ ಆಗುವಂತೆ ಯಾರಾದರೂ ಬೆಂಕಿಯನ್ನು ಬೇಜವಾಬ್ದಾರಿಯಿಂದ ಬಳಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದು ಬೇಜವಾಬ್ದಾರಿಗೆ. ಇನ್ನೊಬ್ಬರ ಬೆಳೆಗೆ, ಆಸ್ತಿಗೆ ಬೇಕಂತಲೇ ಬೆಂಕಿ ಇಟ್ಟರೆ ಬೇರೆ ಕಲಂ. ಅದಕ್ಕೆ ಏಳು ವರ್ಷದವರೆಗೆ ಜೈಲು, ಮೇಲೆ ದಂಡ. ಆರು ತಿಂಗಳು ಎಲ್ಲಿ, ಏಳು ವರ್ಷ ಎಲ್ಲಿ! ನಾಳೆ ಜಗಳ ಬೆಳೆದು ಆ ಕಾಗದ ಪೊಲೀಸ್ ಠಾಣೆಗೆ ಹೋಗಿದ್ದರೆ?

ನಾವು ಅವಳ ಜೊತೆ ಹಿರಿಯರ ಬಳಿ ಹೋದೆವು. "ಒಂದು ಶಬ್ದಕ್ಕೆ ಇಷ್ಟು ಗದ್ದಲ ಏನವ್ವ" ಅಂತ ಒಬ್ಬರು ಗೊಣಗಿದರು. ಕಡೆಗೆ ಆ ಶಬ್ದ ಹೊಡೆದು "ಗೊತ್ತಿಲ್ಲದೆ" ಅಂತ ಬರೆದರು. ಕೆಳಗೆ ಅಕ್ಕ ಸಹಿ ಮಾಡಿದಳು. ಹನ್ನೆರಡು ಸಾವಿರ ಮಾತ್ರ ಕಡಿಮೆ ಆಗಲಿಲ್ಲ. ಎರಡು ಕಂತು ಕೊಟ್ಟಿದ್ದಾಳೆ. ಒಂದು ಕಂತು ಇನ್ನೂ ಬಾಕಿ ಇದೆ.

ನಮ್ಮ ಹಿರಿಯರಿಗೆ ಬೆಂಕಿಯ ಕಟ್ಟಳೆ ಇರಲಿಲ್ಲವೇ? ಇತ್ತು. ಬರೆದಿರಲಿಲ್ಲ, ಅಷ್ಟೇ. ಬಣವಿಯನ್ನು ಮನೆಗೆ ದೂರ ಒಟ್ಟಬೇಕು. ಕಣದಲ್ಲಿ ಯಾರೂ ಬೀಡಿ ಸೇದಬಾರದು. ಸೇದುವವನು ಹೊರಗೆ ಹೋಗಿ ಸೇದಿ, ತುದಿ ಆರಿಸಿ ಬರಬೇಕು. ಒಲೆಯ ಬೂದಿ ತಣ್ಣಗಾಗುವವರೆಗೆ ತಿಪ್ಪೆಗೆ ಚೆಲ್ಲಬಾರದು. ಸಂಜೆ ಗಾಳಿಗೆ ಬೆಂಕಿ ಹಚ್ಚಬಾರದು. ನಿಮ್ಮ ಅತ್ತೆ, ಅಜ್ಜಿ ಇದನ್ನೆಲ್ಲ ನಿಮಗೆ ಹೇಳಿಲ್ಲವೇ?

ಆಗಿನ ಕಸವೇ ಬೇರೆ. ಎಲೆ, ಕಡ್ಡಿ, ಸಗಣಿ, ಹೊಟ್ಟು. ಬಹಳ ಪಾಲು ಸುಡುತ್ತಲೇ ಇರಲಿಲ್ಲ. ತಿಪ್ಪೆಗೆ ಹಾಕಿ ಗೊಬ್ಬರ ಮಾಡುತ್ತಿದ್ದರು. ಒಲೆಯ ಬೂದಿಯೂ ಕೆಲಸಕ್ಕೆ ಬರುತ್ತಿತ್ತು. ಪಾತ್ರೆ ತಿಕ್ಕಲು ಬೂದಿ. ಹೆಸರು, ತೊಗರಿಗೆ ಹುಳ ಬೀಳದಂತೆ ಬೂದಿ. ಈಗಿನ ಕಸ ಸುಟ್ಟ ಬೂದಿ ಮುಟ್ಟಿ ನೋಡಿರಿ. ಕರ್ರಗೆ ಗಂಟು ಗಂಟಾಗಿ ಇರುತ್ತದೆ. ಅದರಿಂದ ಪಾತ್ರೆ ತಿಕ್ಕುತ್ತೀರಾ?

ಪ್ಲಾಸ್ಟಿಕ್ ಸುಟ್ಟರೆ ಹೊಗೆಯಲ್ಲಿ ವಿಷ ಬರುತ್ತದೆ. ಅದರಲ್ಲೂ ನೀರಿನ ಪೈಪು, ಕರೆಂಟಿನ ವೈರು, ರೆಕ್ಸಿನ್ ಚೀಲ, ಕೆಲವು ಜಾತಿಯ ಚಪ್ಪಲಿ ಸುಟ್ಟರೆ ಡಯಾಕ್ಸಿನ್ ಅಂತ ಒಂದು ವಿಷ ಹುಟ್ಟುತ್ತದೆ. ಅದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂಡುತ್ತದೆ. ಹುಲ್ಲನ್ನು ಎಮ್ಮೆ ಮೇಯುತ್ತದೆ. ಎಮ್ಮೆಯ ಕೊಬ್ಬಿನಲ್ಲಿ, ಹಾಲಿನ ಕೆನೆಯಲ್ಲಿ ಸೇರುತ್ತದೆ. ಆ ಹಾಲು ಯಾರು ಕುಡಿಯುತ್ತಾರೆ? ನಮ್ಮ ಮಕ್ಕಳು. ಕಸ ಎಲ್ಲಿಗೆ ಹೋಯಿತು ಅಂತ ಆಗ ಕೇಳಿದೆವಲ್ಲ. ಒಂದಿಷ್ಟು ತಿರುಗಿ ಮನೆಗೇ ಬಂತು.

ಇನ್ನೊಂದು ಮಾತು. ಒಲೆ ಬೇಗ ಹತ್ತಲಿ ಅಂತ ಪ್ಲಾಸ್ಟಿಕ್ ಚೀಲವನ್ನು ಒಲೆಯ ಬಾಯಿಗೆ ಇಡುತ್ತೇವೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿ ಇದ್ದಾಗ ಎಲ್ಲರೂ ಮಾಡಿದ್ದೇವೆ. ಅದು ಅಡಿಗೆ ಮನೆಯ ಒಳಗೇ ವಿಷದ ಹೊಗೆ. ಅಲ್ಲಿ ಕುಂತವರು ಯಾರು? ನಾವು, ಮಡಿಲಲ್ಲಿ ನಮ್ಮ ಕೂಸು. ಎರಡು ಒಣ ಕುಳ್ಳು ಬೆಚ್ಚಗೆ ಒಳಗೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು.

ಹಿತ್ತಲಿನಲ್ಲಿ ಸುಡುವ ಇನ್ನೊಂದು ವಸ್ತು ಇದೆ. ಗಂಡಸರ ಮುಂದೆ ಆಡದ ಮಾತು. ಈಗ ಇಲ್ಲಿ ನಾವು ನಾವೇ ಇದ್ದೇವೆ, ಆಡೋಣ. ಮುಟ್ಟಿನ ಬಟ್ಟೆ ಸುಡುತ್ತಿದ್ದೆವು. ಈಗ ನಮ್ಮ ಹೆಣ್ಣುಮಕ್ಕಳು ಪ್ಯಾಡು ಬಳಸುತ್ತಾರೆ. ಪ್ಯಾಡಿನಲ್ಲಿ ಹತ್ತಿಯ ಜೊತೆ ಪ್ಲಾಸ್ಟಿಕ್ ಹಾಳೆಯೂ ಇರುತ್ತದೆ. ಅದನ್ನು ಸುಡಬಾರದು. ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ನಾಚಿಕೆ ಆಗುತ್ತದೆ ಅನ್ನುವಿರಿ. ಹಳ್ಳಿಗಳಲ್ಲಿ ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ಓಡಿಸಲು ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟಿದ್ದಾರೆ. ಹೆಣ್ಣು ಹೆಣ್ಣಿನ ಕೈಗೆ ಕೊಡಲಿಕ್ಕೆ ನಾಚಿಕೆ ಯಾಕೆ?

ಈಗ ಕಾನೂನಿನ ಮಾತಿಗೆ ಬರೋಣ. ಸ್ವಲ್ಪ ಗಟ್ಟಿ ವಿಷಯ. ನಿಧಾನವಾಗಿ ಹೋಗೋಣ.

ಬೆಂಗಳೂರಿನ ಹೊರಗೆ ಅಲ್ಮಿತ್ರಾ ಪಟೇಲ್ ಅಂತ ಒಬ್ಬ ಹೆಣ್ಣುಮಗಳು ಮನೆ ಮಾಡಿಕೊಂಡಿದ್ದರು. ಓದಿದವರು, ಇಂಜಿನಿಯರು. ಅವರ ಮನೆಯ ಕಡೆ ಬೆಂಗಳೂರು ನಗರದ ಕಸವನ್ನು ಲಾರಿಯಲ್ಲಿ ತಂದು ಸುರಿಯುತ್ತಿದ್ದರು. ನಾವಾದರೆ ಏನು ಮಾಡುತ್ತಿದ್ದೆವು? ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಅವರು ಸುಮ್ಮನಾಗಲಿಲ್ಲ. 1996ರಲ್ಲಿ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದರು. ನಗರಗಳ ಕಸಕ್ಕೆ ಒಂದು ನಿಯಮ ಬೇಕು ಅಂತ ಕೇಳಿದರು. ಆ ಮೊಕದ್ದಮೆ ಬಹಳ ವರ್ಷ ನಡೆಯಿತು. 2000ದಲ್ಲಿ ದೇಶದ ಪಟ್ಟಣಗಳ ಕಸಕ್ಕೆ ನಿಯಮ ಬಂತು. 2016ರಲ್ಲಿ ಅದನ್ನು ಬಿಗಿ ಮಾಡಿದರು. ಬೀದಿಯಲ್ಲಿ, ಬಯಲಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು ಅಂತ ಬರೆದರು. ಅದೇ ಮೊಕದ್ದಮೆಯಲ್ಲಿ 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಕೊಟ್ಟಿತು. ಬಯಲಿನಲ್ಲಿ ಕಸ ಸುಡುವುದು ಪೂರ್ತಿ ಬಂದ್. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ ದಂಡ. ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ.

ಲೆಕ್ಕ ಹಾಕೋಣ. 2025ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 5,000 ರೂಪಾಯಿ ಅಂದರೆ ಎಷ್ಟು ದಿನದ ಕೂಲಿ? ಹದಿಮೂರು ದಿನ ದುಡಿದರೆ 4,810. ಸಾಲುವುದಿಲ್ಲ. ಹದಿನಾಲ್ಕನೆಯ ದಿನವೂ ದುಡಿಯಬೇಕು. ಒಂದು ಕಡ್ಡಿಗೆ ಹದಿನಾಲ್ಕು ದಿನದ ಬೆವರು!

"ಅದು ಪಟ್ಟಣದ ಮಾತಾಯ್ತು, ಹಳ್ಳಿಗೇನ್ರಿ?" ಅಂತ ಯಾರೋ ಕೇಳಿದಿರಿ. ಒಳ್ಳೆ ಪ್ರಶ್ನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣದವರಿಗೆ ಕಸದ ಲೆಕ್ಕ ಕೇಳುವುದು ಅವರವರ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಪ್ಲಾಸ್ಟಿಕ್ ಕಸಕ್ಕೆ ಅಂತಲೇ 2016ರಲ್ಲಿ ಬೇರೆ ನಿಯಮ ಬಂತು. ಅದರಲ್ಲಿ ಗ್ರಾಮ ಪಂಚಾಯಿತಿಯ ಹೆಸರು ಹಿಡಿದು ಬರೆದಿದ್ದಾರೆ. ಪ್ಲಾಸ್ಟಿಕ್ ಕಸವನ್ನು ಬೇರೆ ಮಾಡಿಸಬೇಕು. ಕೂಡಿಸಬೇಕು. ಸಾಗಿಸಬೇಕು. ಜನರಿಗೆ ತಿಳಿಸಿ ಹೇಳಬೇಕು. ಬಯಲಿನಲ್ಲಿ ಪ್ಲಾಸ್ಟಿಕ್ ಸುಡದಂತೆ ನೋಡಿಕೊಳ್ಳಬೇಕು. ಇದೆಲ್ಲ ಪಂಚಾಯಿತಿಯ ಕೆಲಸ.

ಇದನ್ನು ಎರಡು ಸಲ ಓದಿರಿ. ನಿಯಮ ಬರೀ ನಮಗಲ್ಲ. ಪಂಚಾಯಿತಿಗೂ ಇದೆ. ಸುಡಬೇಡ ಅಂತ ನಮಗೆ ಹೇಳುವವರು ಕಸ ಒಯ್ಯಲು ಗಾಡಿ ಕಳಿಸಬೇಕು. ಗಾಡಿ ತಿಂಗಳಿಗೆ ಒಂದು ಸಲ ಬಂದರೆ ಉಳಿದ ದಿನ ಕಸವನ್ನು ತಲೆ ಮೇಲೆ ಇಟ್ಟುಕೊಳ್ಳುವುದೇ? ಹಸಿರು ನ್ಯಾಯಮಂಡಳಿಯ ಆಜ್ಞೆಯಲ್ಲಿಯೂ ಕಸ ಸುರಿಯುವ ಜಾಗದಲ್ಲಿ ಕೂಡ ಸುಡಬಾರದು ಅಂತ ಇದೆ. ಅಲ್ಲಿ ಸುಟ್ಟರೆ ಪಟ್ಟಣದ ಸಭೆಯೂ ದಂಡ ಕೊಡಬೇಕು ಅಂತ ಇದೆ. ಹೀಗಿದ್ದೂ ಊರ ಹೊರಗಿನ ಕಸದ ಗುಂಡಿಯಲ್ಲಿ ದಿನವಿಡೀ ಹೊಗೆ ಏಳುವುದನ್ನು ನಾವು ಬಸ್ಸಿನ ಕಿಟಕಿಯಿಂದ ನೋಡುತ್ತೇವೆ. ಬಡವಿಯ ಹಿತ್ತಲಿನ ಹೊಗೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಆ ದೊಡ್ಡ ಹೊಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ನ್ಯಾಯ ಅಲ್ಲ ಅಂತ ನಮ್ಮ ಅನಿಸಿಕೆ.

ನಿಯಮಗಳನ್ನು ಸರ್ಕಾರ ಆಗಾಗ ತಿದ್ದುತ್ತದೆ. ಆದ್ದರಿಂದ ಪಂಚಾಯಿತಿಗೆ ಹೋದಾಗ "ಈಗ ಜಾರಿ ಇರುವ ನಿಯಮದ ಕಾಗದ ತೋರಿಸಿರಿ" ಅಂತ ಪಿಡಿಒ ಅವರನ್ನು ಕೇಳಿರಿ. ಕೇಳುವುದು ತಪ್ಪಲ್ಲ.

ಒಂದು ಪಂಚಾಯಿತಿ ಗೋಡೆಯ ಮೇಲೆ ಒಂದು ಬೋರ್ಡು ಬರೆಸಿದ್ದಾರೆ. "ತ್ಯಾಜ್ಯ ದಹನವನ್ನು ನಿಷೇಧಿಸಲಾಗಿದೆ." ನಮ್ಮ ಕೇಂದ್ರದ ಅಕ್ಕಂದಿರು ಅದರ ಮುಂದೆ ನಿಂತು ಕಾಲು ಗಂಟೆ ಓದಿದರು. ಅಕ್ಷರ ಎಲ್ಲ ಬಂದವು. ಅರ್ಥ ಬರಲಿಲ್ಲ. ತ್ಯಾಜ್ಯ ಅಂದರೆ ಕಸ. ದಹನ ಅಂದರೆ ಸುಡುವುದು. ನಿಷೇಧ ಅಂದರೆ ಮಾಡಬಾರದು. "ಕಸ ಸುಡಬೇಡಿರಿ" ಅಂತ ಎರಡೇ ಶಬ್ದ ಬರೆದಿದ್ದರೆ ಬಣ್ಣವೂ ಉಳಿಯುತ್ತಿತ್ತು!

ಇಷ್ಟೆಲ್ಲ ಹೇಳುವ ನಾವೇನು ಮಾಡುತ್ತಿದ್ದೆವು ಗೊತ್ತೇ? ಶಾಲೆಯ ಹಿಂದೆ ಕಸ ಸುಡುತ್ತಿದ್ದೆವು. ಶನಿವಾರ ಬೆಳಿಗ್ಗೆ ಮಕ್ಕಳು ಅಂಗಳದ ಕಸ ಆರಿಸುತ್ತಿದ್ದರು. ಚಾಕಲೇಟಿನ ಚೀಟಿ, ಪೆನ್ನಿನ ರೀಫಿಲ್ಲು, ಎಲೆ ಎಲ್ಲ ಒಟ್ಟಿ ನಾವೇ ಹಚ್ಚುತ್ತಿದ್ದೆವು. ಒಂದು ಶನಿವಾರ ಎರಡನೇ ತರಗತಿಯ ಹುಡುಗ ಚೆಂಡು ತರಲು ಓಡಿ ಬೂದಿಯಲ್ಲಿ ಕಾಲಿಟ್ಟ. ಮೇಲೆ ಬೂದಿ, ಒಳಗೆ ಕೆಂಡ. ಬರಿಗಾಲು. ಆ ಹುಡುಗನ ಕೂಗು ಇನ್ನೂ ನಮ್ಮ ಕಿವಿಯಲ್ಲಿದೆ. ಬೋರಿನ ಕೆಳಗೆ ಕಾಲಿಟ್ಟು ಇಪ್ಪತ್ತು ನಿಮಿಷ ನೀರು ಬಿಟ್ಟೆವು. ಒಬ್ಬರು ಟೂತ್‌ಪೇಸ್ಟ್ ಹಚ್ಚಿರಿ ಅಂದರು, ಒಬ್ಬರು ಶಾಯಿ ಅಂದರು. ಏನೂ ಹಚ್ಚಲಿಲ್ಲ. ತೊಳೆದ ಬಟ್ಟೆ ಮೇಲೆ ಸುಮ್ಮನೆ ಹೊದಿಸಿ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಡಾಕ್ಟರು ಹೇಳಿದ್ದೂ ಅದೇ. ಸುಟ್ಟ ಗಾಯಕ್ಕೆ ಮೊದಲು ತಣ್ಣೀರು, ಬೇರೆ ಏನೂ ಬೇಡ. ಮೂರು ವಾರ ಹುಡುಗ ಶಾಲೆಗೆ ಬರಲಿಲ್ಲ. ಅವರ ಅವ್ವ ನಮಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರ ಆಗುತ್ತಿತ್ತು.

ಅಂದಿನಿಂದ ಶಾಲೆಯ ಮೂಲೆಯಲ್ಲಿ ಒಂದು ಗುಂಡಿ ತೋಡಿದ್ದೇವೆ. ಎಲೆ ಅದರಲ್ಲಿ ಬೀಳುತ್ತದೆ. ಮೇಲೆ ಮಣ್ಣು, ಸಗಣಿ ನೀರು. ನಾಲ್ಕು ತಿಂಗಳಿಗೆ ಗೊಬ್ಬರ. ನುಗ್ಗೆ ಗಿಡಕ್ಕೆ ಹಾಕುತ್ತೇವೆ. ಪ್ಲಾಸ್ಟಿಕ್ ಒಂದು ಚೀಲದಲ್ಲಿ ಕೂಡಿಸಿ ಗಾಡಿಗೆ ಕೊಡುತ್ತೇವೆ. ಹಸಿ ಕಸ ಬೇರೆ, ಒಣ ಕಸ ಬೇರೆ. ಇದಕ್ಕೆ ದುಡ್ಡು ಖರ್ಚಾಗಿಲ್ಲ.

ಹೊಲದ ಬೆಂಕಿಯ ಮಾತು ಆಡದಿದ್ದರೆ ನಮ್ಮ ಜಿಲ್ಲೆಯ ಮಾತು ಮುಗಿಯುವುದಿಲ್ಲ. 1997ರಲ್ಲಿ ರಾಯಚೂರಿನಿಂದ ಬೇರೆ ಆಗಿ ಕೊಪ್ಪಳ ಜಿಲ್ಲೆ ಹುಟ್ಟಿತು. ಆಗ ನಾಲ್ಕೇ ತಾಲ್ಲೂಕು. ಈಗ ಕುಕನೂರು, ಕಾರಟಗಿ, ಕನಕಗಿರಿ ಸೇರಿ ಏಳು. ಜಿಲ್ಲೆ ಒಂದೇ, ಆದರೆ ನೆಲ ಎರಡು ತರಹ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು. ಕಣ್ಣು ಹಾಯಿಸಿದಷ್ಟು ನೆಲ್ಲು. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಹೊಲ. ಜೋಳ, ಸಜ್ಜೆ, ಕಡಲೆ, ಶೇಂಗಾ.

ಗಂಗಾವತಿ ಕಡೆ ಈಗ ಯಂತ್ರ ನೆಲ್ಲು ಕೊಯ್ಯುತ್ತದೆ. ಕಾಳು ಮನೆಗೆ ಬರುತ್ತದೆ, ಹುಲ್ಲು ಗದ್ದೆಯಲ್ಲೇ ಬೀಳುತ್ತದೆ. ಕಾಲುವೆಗೆ ಎರಡನೇ ಬೆಳೆಯ ನೀರು ಬಿಡುವ ವರ್ಷ ರೈತನಿಗೆ ಅವಸರ. ಹುಲ್ಲು ಬಳಿಯಲು ಆಳಿಗೆ ಕೂಲಿ ಕೊಡಬೇಕು. ಕಡ್ಡಿಗೆ ಕೂಲಿ ಇಲ್ಲ. ಹಚ್ಚಿಬಿಡುತ್ತಾರೆ. ಅವರ ಕಷ್ಟ ಸುಳ್ಳಲ್ಲ.

ಆದರೆ ಏನು ಸುಡುತ್ತಿದೆ ನೋಡಿರಿ. ಒಂದು ಟನ್ ನೆಲ್ಲುಹುಲ್ಲಿನಲ್ಲಿ ಸುಮಾರು 5.5 ಕಿಲೊ ಸಾರಜನಕ ಇರುತ್ತದೆ. ಸಾರಜನಕ ಅಂದರೆ ಯೂರಿಯಾ ಗೊಬ್ಬರದ ಒಳಗಿನ ಸತ್ವ. ಸುಟ್ಟರೆ ಅದು ಹೊಗೆಯ ಜೊತೆ ಹೋಗುತ್ತದೆ. ನಾಲ್ಕು ಟನ್ ಹುಲ್ಲು ಸುಟ್ಟರೆ 45 ಕಿಲೊದ ಒಂದು ಚೀಲ ಯೂರಿಯಾ ಸುಟ್ಟಂತೆ. ಯೂರಿಯಾ ಚೀಲಕ್ಕೆ ಸೊಸೈಟಿ ಮುಂದೆ ಸರದಿ ನಿಲ್ಲುವ ನಾವು, ಗದ್ದೆಯಲ್ಲಿ ಅದಕ್ಕೇ ಬೆಂಕಿ ಇಡುತ್ತೇವೆ. ಮಣ್ಣಿನ ಎರೆಹುಳವೂ ಸಾಯುತ್ತದೆ. ಹೊಗೆ ರಸ್ತೆಗೆ ಬಂದು ಎದುರಿನ ಮೋಟಾರು ಕಾಣದಂತೆ ಮಾಡುತ್ತದೆ.

ಇತ್ತ ಕುಷ್ಟಗಿ ಕಡೆ ಏನು? 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರ ಪೀಡಿತ ಅಂತ ಸರ್ಕಾರ ಸಾರಿತು. ಅಂಥ ವರ್ಷ ಒಂದು ಹೊರೆ ಮೇವಿಗೆ ಎಷ್ಟು ತಿರುಗಾಡಿದಿರಿ, ನೆನಪಿದೆಯೇ? ಒಂದೇ ಜಿಲ್ಲೆ. ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಅಲ್ಲಿ ಮೇವು ಉರಿಯುತ್ತದೆ, ಇಲ್ಲಿ ದನ ಒಣ ಬಾಯಿ ಆಡಿಸುತ್ತದೆ. ಈಗ ಹುಲ್ಲನ್ನು ಸುತ್ತಿ ಪೆಂಡಿ ಕಟ್ಟುವ ಯಂತ್ರ ಬಂದಿದೆ. ಟ್ರ್ಯಾಕ್ಟರಿಗೆ ಹೂಡಿದರೆ ಆಯಿತು. ಹತ್ತು ಮನೆಯ ಸಂಘದವರು ಕೂಡಿ ಬಾಡಿಗೆ ಕೊಟ್ಟು ಒಂದು ಟ್ರ್ಯಾಕ್ಟರ್ ಪೆಂಡಿ ತರಿಸಬಹುದು. ನಿಮ್ಮ ಸಂಘದ ಸಭೆಯಲ್ಲಿ ಇದರ ಲೆಕ್ಕ ಹಾಕಿ ನೋಡಿರಿ. ನೆಲ್ಲುಹುಲ್ಲು ಒಂದನ್ನೇ ಹಾಕಿದರೆ ದನಕ್ಕೆ ಶಕ್ತಿ ಸಾಲುವುದಿಲ್ಲ. ಸ್ವಲ್ಪ ಹಿಂಡಿ, ಹೊಟ್ಟು ಬೆರೆಸಬೇಕು. ಅದು ನಿಮಗೆ ಹೇಳಬೇಕಾಗಿಲ್ಲ.

ಗುಡ್ಡದ ಹುಲ್ಲಿಗೆ ಬೆಂಕಿ ಇಟ್ಟರೆ ಮಳೆಗೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಅನ್ನುವವರು ಇದ್ದಾರೆ. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯಿದೆ ಪ್ರಕಾರ ಅಪರಾಧ. ಕುರಿ ಕಾಯುವ ಹುಡುಗರಿಗೆ ಹೇಳಿಡಿರಿ.

ಹಾಗಾದರೆ ಒಲೆಯನ್ನೂ ಹಚ್ಚಬಾರದೇ ಅಂತ ಕೇಳಬೇಡಿರಿ. ಕಟ್ಟಿಗೆಯ ಅಡಿಗೆ ಒಲೆ, ಸ್ನಾನದ ನೀರಿನ ಒಲೆ ಕಸದ ನಿಯಮಕ್ಕೆ ಸೇರುವುದಿಲ್ಲ. ಹೋಳಿ ಹುಣ್ಣಿಮೆಯ ಕಾಮಣ್ಣನನ್ನು ಕಟ್ಟಿಗೆ, ಕುಳ್ಳಿನಿಂದ ಸುಡಲಿ. ಆದರೆ ಹುಡುಗರು ಹಳೆ ಟೈರು ತಂದು ಹಾಕುತ್ತಾರೆ. ಟೈರಿನ ಹೊಗೆಗೆ ಕಾಮಣ್ಣನೇ ಕೆಮ್ಮಬೇಕು. ಟೈರು ಉರುಳಿಸಿಕೊಂಡು ಹೋಗುವ ಹುಡುಗನನ್ನು ಕಂಡರೆ ಕಿವಿ ಹಿಡಿದು ನಿಲ್ಲಿಸಿರಿ. ಕುಳ್ಳು ಕದ್ದರೆ ಬೈದು ಬಿಟ್ಟುಬಿಡಿರಿ, ಅದು ಹಬ್ಬದ ಪದ್ಧತಿ.

ಎಲ್ಲಾದರೂ ಬೆಂಕಿ ಬಿದ್ದರೆ 101ಕ್ಕೆ ಫೋನು ಮಾಡಿರಿ. 112 ಕೂಡ ನಡೆಯುತ್ತದೆ. ದುಡ್ಡು ಬೇಕಾಗಿಲ್ಲ. ಊರಿನ ಹೆಸರು, ತಾಲ್ಲೂಕು, ಹತ್ತಿರದ ಗುಡಿ ಇಲ್ಲವೆ ಶಾಲೆಯ ಗುರುತು ಹೇಳಿರಿ. ಈ ಎರಡು ಅಂಕಿಗಳನ್ನು ಮನೆಯ ಬಾಗಿಲ ಹಿಂದೆ ಸುಣ್ಣದಿಂದ ಬರೆಯಿರಿ. ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿಗೆ ಉರಿ ಹೆಚ್ಚುತ್ತದೆ. ನೆಲಕ್ಕೆ ಬಿದ್ದು ಉರುಳಬೇಕು.

ಗ್ರಾಮ ಸಭೆ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಹಾಗೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರು ಇರುವ ಎಲ್ಲರೂ ಅಲ್ಲಿ ಕೂಡಬಹುದು, ಕೇಳಬಹುದು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಸಭೆಯಲ್ಲಿ ನಾವು ಗೋಡೆಗೆ ಆನಿಕೊಂಡು ನಿಂತಿರುತ್ತೇವೆ. ಈ ಸಲ ಚಾಪೆಯ ಮೇಲೆ ಕೂಡ್ರೋಣ.

ಹೋದ ವಾರ ಎಲ್ಲರೂ ಸೇರಿ ಒಂದು ಅರ್ಜಿ ಬರೆದೆವಲ್ಲ. ಬಾರದೆ ಇದ್ದವರಿಗೆ ಓದಿ ಹೇಳುತ್ತೇವೆ.

"ಅಭಿವೃದ್ಧಿ ಅಧಿಕಾರಿಗಳಿಗೆ ನಮಸ್ಕಾರ. ಕಸ ಸುಡಬಾರದು ಅಂತ ನಮಗೆ ತಿಳಿದಿದೆ. ನಾವು ಇನ್ನು ಸುಡುವುದಿಲ್ಲ. ಹಸಿ ಕಸ ತಿಪ್ಪೆಗೆ ಹಾಕುತ್ತೇವೆ. ಒಣ ಕಸ ಚೀಲದಲ್ಲಿ ಕೂಡಿಸಿ ಇಡುತ್ತೇವೆ. ಕಸದ ಗಾಡಿ ನಮ್ಮ ಓಣಿಗೆ ವಾರಕ್ಕೆ ಎರಡು ಸಲ ಬರಬೇಕು. ಬರುವ ವಾರ, ವೇಳೆ ಗೋಡೆಯ ಮೇಲೆ ಬರೆಸಬೇಕು. ಹಳ್ಳದ ದಂಡೆಯ ಕಸದ ಗುಂಡಿಗೆ ಯಾರೂ ಬೆಂಕಿ ಹಚ್ಚದಂತೆ ನೋಡಿಕೊಳ್ಳಬೇಕು. ಬೋರ್ಡನ್ನು ನಮಗೆ ತಿಳಿಯುವ ಮಾತಿನಲ್ಲಿ ಬರೆಸಬೇಕು."

ಕೆಳಗೆ 23 ಸಹಿ ಆಗಿವೆ. ನಾಲ್ಕು ಮಂದಿ ಇನ್ನೂ ಸಹಿ ಕಲಿಯುತ್ತಿದ್ದಾರೆ. ಅವರಿಗೆ ಜಾಗ ಬಿಟ್ಟಿದ್ದೇವೆ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಶಾಲೆಯ ಮುಂದೆ ಕೂಡ್ರಿ. ಒಂದು ನಕಲು ಕೊಟ್ಟು, ಇನ್ನೊಂದು ನಕಲಿನ ಮೇಲೆ ತಾರೀಖು, ಸಿಕ್ಕಾ ಹಾಕಿಸಿಕೊಂಡು ಬರೋಣ.